ಇಪ್ಪತ್ತೈದನೆಯ ಸುತ್ತಿಗೆ ಗೆರೆಯಿಲ್ಲ

ಈಗಲೂ ಬೆಳಗಿನ ಐದೂವರೆಗೆ ನನಗೆ ಎಚ್ಚರವಾಗುತ್ತದೆ. ಅಲಾರಾಂ ಇಟ್ಟಿರುವುದಿಲ್ಲ. ಪೂರ್ತಿ ಎಚ್ಚರವೂ ಅಲ್ಲ ಅದು. ಕಣ್ಣು ಇನ್ನೂ ಮುಚ್ಚಿರುವಾಗಲೇ ಕೈ ಮಾತ್ರ ಎದ್ದು ತಲೆದೆಸೆಯ ನೀರಿನ ಚರಗಿಯನ್ನು ತಡಕುತ್ತದೆ. ಹೊರಗೆ ತಿಕೋಟಾದ ಬೀದಿ ಮಂಜಿನಲ್ಲಿ ಅರ್ಧ ಕರಗಿರುತ್ತದೆ. ದೂರದಲ್ಲೆಲ್ಲೋ ಬೂಟಿನ ಸದ್ದು ಟಪ್ ಟಪ್ ಎಂದು ಹತ್ತಿರ ಬಂದ ಹಾಗಾಗುತ್ತದೆ. ಬರುವುದಿಲ್ಲ ಅಂತ ಗೊತ್ತಿದ್ದೂ ನಾನು ಕಿವಿಗೊಟ್ಟು ಮಲಗಿರುತ್ತೇನೆ. ನನ್ನ ಹೆಂಡತಿಗೆ ಇದು ರೂಢಿಯಾಗಿಬಿಟ್ಟಿದೆ. ಅಕ್ಕ ವರ್ಗವಾಗಿ ಹೋಗಿ ಒಂದೂವರೆ ತಿಂಗಳಾಯಿತು, ಇನ್ನಾದರೂ ಮಲಗಿರಿ ಎಂದು ಮಗ್ಗುಲು ಬದಲಿಸುತ್ತಾಳೆ.

ಒಡಹುಟ್ಟಿದವಳಲ್ಲ, ಕಾಲೇಜಿನ ಕಾಲದಿಂದ ನಾನು ಅಕ್ಕ ಅನ್ನುವ ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಾಗೆ ನೋಡಿದರೆ ಹೆಸರು ಅಚ್ಚು ಹಾಕುವುದೇ ನನ್ನ ಹೊಟ್ಟೆಪಾಡು. ತಿಕೋಟಾದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಬ್ಯಾನರು. ಒಮ್ಮೆ ವರನ ಹೆಸರಿನ ಜಾಗದಲ್ಲಿ ವಧುವಿನ ಅಣ್ಣನ ಹೆಸರು ಹಾಕಿ ಎರಡೂ ಕಡೆಯ ಬೀಗರಿಂದ ಏಕಕಾಲಕ್ಕೆ ಬೈಸಿಕೊಂಡವನು ನಾನು. ಅಂಥವನ ಕೈಗೆ ಯಾರ ಹೆಸರನ್ನೂ ಕೊಡಬಾರದು ಎನ್ನುವುದು ಒಂದು ಕಾರಣ. ಇನ್ನೊಂದು, ಅಕ್ಕ ಲೆಕ್ಕ ಬರೆಯುತ್ತಿದ್ದ ವಹಿಯಲ್ಲಿ ಒಂದೇ ಒಂದು ಹೆಸರಿರಲಿಲ್ಲ. ‘ಬೇವಿನ ಗಿಡ’, ‘ಎರಡು ಆಡು’, ‘ಹಸಿರು ಬಾಗಿಲು’ ಎಂದು ಮನೆಯ ಗುರುತು, ಅದರ ಮುಂದೆ ದಿನಕ್ಕೊಂದು ಗೀಟು. ಆ ಮನೆಗಳಲ್ಲಿ ಆಕೆ ಗುಳಿಗೆ ನುಂಗಿಸುತ್ತಿದ್ದವರೆಲ್ಲ ಟಿಬಿ ಹಿಡಿದವರು. ರೋಗದ ಹೆಸರು ಹೊರಬಿದ್ದರೆ ಮನುಷ್ಯನ ಹೆಸರು ಕೆಡುತ್ತದೆ ಅಂತ ಆಕೆಗೆ ಗೊತ್ತಿತ್ತು. ಬೇರೆಯವರ ಹೆಸರನ್ನು ಅಷ್ಟು ಜೋಪಾನ ಮಾಡಿದವಳ ಹೆಸರನ್ನು ಕಾಗದಕ್ಕೆ ಹಾಕಲು ನನಗೆ ಮನಸ್ಸಾಗುವುದಿಲ್ಲ.

ಆಕೆಯ ಬಗ್ಗೆ ಬರೆಯಬೇಕಾದರೆ ನಾನು ಆಕೆಗೆ ಮಾಡಿದ ಒಂದು ಅನ್ಯಾಯವನ್ನೂ ಬರೆಯಬೇಕು. ಇಪ್ಪತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ಹೇಳಿಬಿಡಬೇಕು, ಹೇಳಿದರೆ ಆಕೆ ನನ್ನ ಮುಖ ನೋಡುವುದಿಲ್ಲ, ಈ ಎರಡರ ನಡುವೆ ನನ್ನ ಅರ್ಧ ಆಯುಷ್ಯ ಕಳೆದಿದೆ.

ಆಗ ವಿಜಯಪುರಕ್ಕೆ ನಾವೆಲ್ಲ ಇನ್ನೂ ವಿಜಾಪುರ ಅನ್ನುತ್ತಿದ್ದೆವು. ನಾನು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ, ಅಕ್ಕ ಕೊನೆಯ ವರ್ಷ. ಆಕೆಯ ಊರು ಅರಕೇರಿ. ಬೆಳಗಿನ ಬಸ್ಸು ತಪ್ಪಿದರೆ ಆಕೆ ಇನ್ನೊಂದು ಬಸ್ಸಿಗೆ ಕಾಯುತ್ತಿರಲಿಲ್ಲ. ಓಲೆಯಂತೆ ಮಡಿಚಿದ ವಹಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿ ಓಡಿಯೇ ಬಿಡುತ್ತಿದ್ದಳು. ಹಿಂದಿನಿಂದ ಬಂದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಹತ್ತು ಅನ್ನುವನು, ಈಕೆ ಕೈಬೀಸಿ ಮುಂದೆ ಹೋಗು ಅನ್ನುವಳು. ಕೈ ಮಾಡಿದಲ್ಲೆಲ್ಲ ನಿಲ್ಲುವ ಬಸ್ಸದು. ಊರ ಹೊರಗಿನ ಟೋಲಿಗೆ ಬರುವಷ್ಟರಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿರುತ್ತಿದ್ದರು. ಕಂಡಕ್ಟರ್ ಟಿಕೆಟ್ಟಿನ ಬ್ಯಾಗಿನಿಂದ ಒಂದು ಪೇರಲ ಹಣ್ಣು ತೆಗೆದು ಕಿಟಕಿಯಿಂದ ಎಸೆಯುತ್ತಿದ್ದ, ಆಕೆ ಓಡುತ್ತಲೇ ಹಿಡಿಯುತ್ತಿದ್ದಳು. ಇದನ್ನು ನಾನು ಕಣ್ಣಾರೆ ಕಂಡದ್ದು ಒಂದೇ ಸಲ. ಆದರೂ ದಿನಾ ಕಂಡಂತೆ ನೆನಪಿದೆ.

ಕಾಲೇಜಿನ ಮೈದಾನ ಬರೀ ಮಣ್ಣು. ಸುಣ್ಣದ ಗೆರೆ ಎಳೆದರೆ ಮಧ್ಯಾಹ್ನದ ಗಾಳಿ ಅಳಿಸಿ ಹಾಕುತ್ತಿತ್ತು. ಗಾಳಿಯ ಧೂಳಿನಲ್ಲಿ ಆಚೆಯ ಗುಮ್ಮಟ ಕೂಡ ತೇಲುವಂತೆ ಕಾಣುತ್ತಿತ್ತು. ಅಂಥ ಹೊತ್ತಿನಲ್ಲಿ ಅಕ್ಕ ಒಬ್ಬಳೇ ಸುತ್ತು ಹಾಕುತ್ತಿದ್ದಳು. ಓಟವೆಂದರೆ ಹಲ್ಲು ಕಚ್ಚಿ, ಮುಖ ಸಿಂಡರಿಸಿ ಮಾಡುವ ಕೆಲಸ ಅಂತ ನಾನು ತಿಳಿದಿದ್ದೆ. ಈಕೆಯ ಮುಖ ಮಾತ್ರ ಆಗತಾನೆ ನಿದ್ದೆಯಿಂದ ಎದ್ದವರಂತೆ ಇರುತ್ತಿತ್ತು. ಎಲ್ಲಿಗೋ ಹೋಗುತ್ತಿರುವುದು ಕಾಲು ಮಾತ್ರ, ಆಕೆ ಇನ್ನೆಲ್ಲೋ ಕೂತಿದ್ದಾಳೆ ಅನ್ನಿಸುತ್ತಿತ್ತು.

ಓಡುವಾಗ ಆಕೆಯ ಹೆಬ್ಬೆರಳು ಬೆರಳಿನ ಗೆರೆಗಳ ಮೇಲೆ ಸರಿಯುತ್ತಿತ್ತು, ನಮ್ಮ ಅಜ್ಜಿಯರು ಜಪ ಎಣಿಸುವ ಹಾಗೆ. ಒಂದು ಸಲ ಕೇಳಿದೆ. ಬೆರಳಿಗೆ ಮೂರು ಗೆರೆ, ನಾಲ್ಕು ಬೆರಳಿಗೆ ಹನ್ನೆರಡು, ಎರಡು ಕೈ ಸೇರಿ ಇಪ್ಪತ್ನಾಲ್ಕು ಅಂದಳು. ಹತ್ತು ಸಾವಿರ ಮೀಟರಿಗೆ ಇಪ್ಪತ್ತೈದು ಸುತ್ತಲ್ಲವೇ, ಇನ್ನೊಂದನ್ನು ಎಲ್ಲಿ ಎಣಿಸುತ್ತೀರಿ ಅಂದೆ.

"ಅದಕ್ಕ ಗೆರಿ ಇಲ್ಲೋ ತಮ್ಮಾ. ಅದು ಹಂಗ ಓಡೂದು" ಅಂದಳು.

ಆಕೆ ಗೆದ್ದ ಪದಕಗಳು ಅರಕೇರಿಯ ಮನೆಯ ಜೋಳದ ಡಬ್ಬಿಯಲ್ಲಿದ್ದವು. ಐದು ಸಾವಿರ ಮೀಟರ್, ಗುಡ್ಡಗಾಡಿನ ಓಟ, ಜಿಲ್ಲೆಯದು, ವಿಭಾಗದ್ದು. ಒಮ್ಮೆ ನಾವು ನಾಲ್ಕೈದು ಜನ ಅವರ ಮನೆಗೆ ಊಟಕ್ಕೆ ಹೋದಾಗ ಅವರವ್ವ ಬೀಸಲು ಜೋಳ ಅಳೆಯುತ್ತಿದ್ದರು. ಸೇರಿನೊಳಗೆ ಒಂದು ಕಂಚಿನ ಪದಕ ಬಂದು ಬಿತ್ತು. ಅವರು ಅದನ್ನು ಕಲ್ಲು ಆರಿಸಿದಷ್ಟೇ ಸಹಜವಾಗಿ ಎತ್ತಿ ವಾಪಸು ಡಬ್ಬಿಗೆ ಹಾಕಿದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಂದು ಜೊತೆ ಒಗೆದ ಕ್ಯಾನ್ವಾಸ್ ಬೂಟು. ಆ ಮನೆಯಲ್ಲಿ ಗೋಡೆಯ ಮೇಲೆ ಜಾಗವಿದ್ದದ್ದು ಅವೆರಡಕ್ಕೇ. ಅವರ ಅಜ್ಜಿ ಕೂಲಿಗೆ ಹೋದಲ್ಲಿ ಎತ್ತರದಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವರು ಎಂದು ಅಂದಿನ ಊಟದ ಹೊತ್ತಿಗೆ ಮಾತಿನಲ್ಲಿ ಬಂತು. ಅದನ್ನೂ ಅವರವ್ವ ಅದೇ ದನಿಯಲ್ಲಿ ಹೇಳಿ, ಇನ್ನೊಂದು ರೊಟ್ಟಿ ಹಾಕಿದರು.

ಇನ್ನು ಆ ದಿನದ ಸಂಗತಿ. ನಮ್ಮ ಕಾಲೇಜಿನಲ್ಲಿ ಅಂತರ ಕಾಲೇಜು ಕ್ರೀಡಾಕೂಟ. ಹೆಣ್ಣುಮಕ್ಕಳ ಹತ್ತು ಸಾವಿರ ಮೀಟರಿನಲ್ಲಿ ಮೊದಲು ಬಂದವರು ವಿಶ್ವವಿದ್ಯಾಲಯದ ತಂಡಕ್ಕೆ. ಅಲ್ಲಿಂದ ಮುಂದೆ ದೇಶದ ಮಟ್ಟದ ಓಟ. ಅಕ್ಕನಿಗೆ ಅದು ಕೊನೆಯ ವರ್ಷ, ಕೊನೆಯ ಅವಕಾಶ. ಎಷ್ಟು ಸುತ್ತು ಉಳಿದಿವೆ ಎಂದು ಓಟಗಾರರಿಗೆ ತೋರಿಸುವ ಕೆಲಸವನ್ನು ಪಿ.ಟಿ. ಸರ್ ನನಗೆ ವಹಿಸಿದ್ದರು. ನಮ್ಮ ಸೋದರಮಾವನದು ಪ್ರೆಸ್ಸು. ಅಲ್ಲಿಂದ ಹಳೆಯ ಮದುವೆ ಕಾರ್ಡು ತಂದು, ಹಿಂಭಾಗಕ್ಕೆ ಬಿಳಿ ಹಾಳೆ ಅಂಟಿಸಿ, ಇಪ್ಪತ್ತೈದರಿಂದ ಒಂದರವರೆಗೆ ದೊಡ್ಡ ಅಂಕಿ ಬರೆದೆ. ಮೇಲೆ ಎರಡು ತೂತು ಹಾಕಿ ದಾರ ಪೋಣಿಸಿದೆ. ಒಂದೊಂದು ಸುತ್ತಿಗೆ ಒಂದೊಂದು ಕಾರ್ಡು ಹಿಂದಕ್ಕೆ ಹೊರಳಿಸುವುದು. ಹಿಂದಿನ ದಿನ ರಾತ್ರಿ ಅಂಟಿಸಿದ್ದು ನಾನೇ, ಸರಿಯಾಗಿ ಒಣಗಿಸದವನೂ ನಾನೇ.

ಓಟ ಶುರುವಾಯಿತು. ಅಕ್ಕ ಎಂಟನೇ ಸುತ್ತಿಗೇ ಎಲ್ಲರನ್ನೂ ಬಿಟ್ಟು ಮುಂದೆ ಹೋಗಿದ್ದಳು. ಹಿಂದೆ ಬೇರೆ ಕಾಲೇಜಿನ ಒಬ್ಬ ಹುಡುಗಿ ಮಾತ್ರ ಕಣ್ಣಳತೆಯಲ್ಲಿ ಉಳಿದಿದ್ದಳು. ಬಿಸಿಲು, ಧೂಳು, ಒಂದೇ ತಾಳದ ಕಾಲಸಪ್ಪಳ. ಕಾರ್ಡು ಹೊರಳಿಸುತ್ತ ಹೊರಳಿಸುತ್ತ ನನಗೂ ಒಂದು ರೀತಿಯ ಮಂಪರು ಬಂದಿತ್ತು. ಹತ್ತು ತೋರಿಸಿದ್ದೆ. ಮುಂದಿನ ಸುತ್ತಿಗೆ ಹೊರಳಿಸಿದಾಗ ಎಂಟು ಬಂತು. ಆಕೆ ನೋಡಿಕೊಂಡು ಹೋದಳು. ಕಾರ್ಡು ದಪ್ಪವಾಗಿದೆಯಲ್ಲ ಅನ್ನಿಸಿ ಹಿಂದೆ ಉಗುರಿನಿಂದ ಕೆರೆದೆ. ಒಂಬತ್ತು ಹತ್ತಕ್ಕೆ ಅಂಟಿಕೊಂಡು ಅದರ ಜೊತೆಗೇ ಹಿಂದಕ್ಕೆ ಹೋಗಿತ್ತು.

ಆಗ ಎದ್ದು ಕೂಗಿದ್ದರೆ ಆಗುತ್ತಿತ್ತು. ಸರಿಪಡಿಸಲು ಇನ್ನೂ ಎಂಟು ಸುತ್ತಿನ ಸಮಯವಿತ್ತು. ಪಿ.ಟಿ. ಸರ್ ಮೈದಾನದ ನಡುವೆ ಸೀಟಿ ಕಚ್ಚಿ ನಿಂತಿದ್ದರು. ಅವರ ಕೈ ಬಹಳ ದೊಡ್ಡದು. ಆಕೆ ಹೇಗೂ ಎಲ್ಲರಿಗಿಂತ ಮುಂದಿದ್ದಾಳೆ, ಒಂದು ಸುತ್ತು ಕಮ್ಮಿಯಾದರೆ ಎಲ್ಲರಿಗೂ ಕಮ್ಮಿಯಾಗುತ್ತದೆ, ಯಾರಿಗೆ ಏನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಲೆಕ್ಕ ಬಹಳ ಚೆನ್ನಾಗಿ ಬರುತ್ತದೆ. ಸುಮ್ಮನೆ ಕೂತೆ.

ನನ್ನ ಕಾರ್ಡು ಒಂದಕ್ಕೆ ಬಂದಾಗ ಕಾಲೇಜಿನ ಮುದುಕ ಸಿಪಾಯಿ ಕೊನೆಯ ಸುತ್ತಿನ ಗಂಟೆ ಹೊಡೆದ. ಅಕ್ಕ ಜೋರು ಹೆಚ್ಚಿಸಿದಳು, ಗೆರೆ ದಾಟಿದಳು, ಮಣ್ಣಿನ ಮೇಲೆ ಕುಸಿದು ಬೂಟು ಬಿಚ್ಚಿದಳು. ನಾವೆಲ್ಲ ಕೂಗಾಡುತ್ತಿದ್ದೆವು. ಎರಡನೆಯ ಹುಡುಗಿ ಗೆರೆ ದಾಟಿದವಳು ನಿಲ್ಲಲಿಲ್ಲ. ಅವಳ ಕಾಲೇಜಿನ ಮೇಷ್ಟ್ರು ಬೇರೆಯೇ ಹರಳು ಇಟ್ಟು ಎಣಿಸುತ್ತಿದ್ದರಂತೆ. ಇನ್ನೂ ಒಂದಿದೆ ಓಡು ಎಂದು ಕೂಗಿದರು. ಅವಳು ಒಬ್ಬಳೇ ಇನ್ನೊಂದು ಸುತ್ತು ಓಡಿ ಬಂದಳು. ಮೇಜಿನ ಮೇಲಿದ್ದ ಸಮಯದ ಹಾಳೆ ತೆಗೆದು ನೋಡಿದರೆ ಅಕ್ಕನ ಮುಂದೆ ಇಪ್ಪತ್ನಾಲ್ಕು ಗುರುತು.

ನಮ್ಮ ಸರ್ ಜಗಳಕ್ಕೆ ನಿಂತರು. ಗಂಟೆ ಹೊಡೆದದ್ದು ಯಾರು ಎಂದು ಸಿಪಾಯಿಯನ್ನು ಎಲ್ಲರ ಎದುರು ಬೈದರು. ಆತ ತನ್ನ ಟೋಪಿ ತೆಗೆದು ನೆಲ ನೋಡುತ್ತ ನಿಂತ. ನಾನು ಅಂಟಿದ ಕಾರ್ಡನ್ನು ಬೇರೆ ಮಾಡಿ ದಾರದಲ್ಲಿ ಸರಿಯಾಗಿ ಕೂಡಿಸಿಬಿಟ್ಟಿದ್ದೆ. ಕೊನೆಗೆ ಅಕ್ಕನೇ ಎದ್ದು ಬಂದು, ನಾ ನಿಂತೆ ರೀ ಸರ್, ಆಕಿ ಓಡಿದ್ಲು, ಬಿಟ್ಟ ಬಿಡ್ರಿ ಅಂದಳು. ಮೊದಲ ಸ್ಥಾನ ಆ ಹುಡುಗಿಗೆ ಹೋಯಿತು. ಅಕ್ಕ ಬರಿಗಾಲಲ್ಲಿ ಹೋಗಿ ಸಿಪಾಯಿಯ ಪಕ್ಕ ಕಟ್ಟೆಯ ಮೇಲೆ ಕೂತು, ಇಬ್ಬರೂ ಒಂದು ಚಹಾ ಹಂಚಿಕೊಂಡು ಕುಡಿದರು. ಎಷ್ಟು ದೊಡ್ಡ ಮನಸ್ಸು ಅಂತ ನಾವೆಲ್ಲ ಮಾತಾಡಿಕೊಂಡೆವು. ಎಲ್ಲರಿಗಿಂತ ಜೋರಾಗಿ ಹೊಗಳಿದವನು ನಾನೇ ಇರಬೇಕು.

ಆಮೇಲೆ ಆಕೆ ಪರೀಕ್ಷೆ ಬರೆದು ಕಾಲೇಜು ಬಿಟ್ಟಳು. ನನ್ನನ್ನು ಮಾತ್ರ ಆ ಮೈದಾನ ಬಿಡಲಿಲ್ಲ. ಮಾವನ ಪ್ರೆಸ್ಸು ನನ್ನದಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು, ಕೂದಲು ಹೋಯಿತು. ಕನಸಿನಲ್ಲಿ ಮಾತ್ರ ನಾನು ಇನ್ನೂ ಕಾರ್ಡು ಹೊರಳಿಸುತ್ತಿದ್ದೆ. ಎಷ್ಟು ಹೊರಳಿಸಿದರೂ ಒಂಬತ್ತು ಬರುತ್ತಿರಲಿಲ್ಲ. ಆಕೆ ಧೂಳಿನಲ್ಲಿ ಸುತ್ತುತ್ತಲೇ ಇರುತ್ತಿದ್ದಳು, ನಿಲ್ಲಿ ಎನ್ನಲು ನನಗೆ ದನಿ ಹೊರಡುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನನಗೆ ಕೆಮ್ಮು ಹತ್ತಿತು. ಪ್ರೆಸ್ಸಿನ ಕಾಗದದ ಧೂಳು, ಮಸಿಯ ವಾಸನೆ ಎಂದು ಎಲ್ಲರಿಗೂ ಹೇಳಿದೆ. ಸಂಜೆ ಜ್ವರ ಬರುತ್ತಿತ್ತು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಹೆಂಡತಿ ಹಟ ಹಿಡಿದು ವಿಜಯಪುರದ ದವಾಖಾನೆಗೆ ಕರೆದುಕೊಂಡು ಹೋದಳು. ಟಿಬಿ ಅಂದರು. ಆರು ತಿಂಗಳು ದಿನಾ ಗುಳಿಗೆ, ಒಂದು ದಿನವೂ ತಪ್ಪಿಸುವಂತಿಲ್ಲ. ನನಗೆ ರೋಗಕ್ಕಿಂತ ಮದುವೆ ಕಾರ್ಡಿನ ಚಿಂತೆ. ಕಾರ್ಡಿಗೆ ಅರಿಷಿಣ ಕುಂಕುಮ ಹಚ್ಚಿ ಮೊದಲು ದೇವರ ಮುಂದೆ ಇಡುವ ಜನ. ಕ್ಷಯ ಹಿಡಿದವನ ಕೈಯಲ್ಲಿ ಅಚ್ಚಾದದ್ದು ಅಂತ ಗೊತ್ತಾದರೆ ಯಾರು ಬರುತ್ತಾರೆ? ನನ್ನ ಮನೆಗೆ ಯಾರನ್ನೂ ಕಳಿಸಬೇಡಿ, ಬಾಗಿಲಿಗೆ ಜೀಪು ತರಬೇಡಿ ಎಂದು ಕೈಮುಗಿದೆ. ಅಲ್ಲಿದ್ದವರು ನಕ್ಕು, ಜೀಪು ಬರುವುದಿಲ್ಲ ಅಂದರು.

ಮರುದಿನ ಬೆಳಿಗ್ಗೆ ಐದೂವರೆಗೆ ಬಾಗಿಲ ಹೊರಗೆ ಟಪ್ ಟಪ್ ಎಂಬ ಸದ್ದು ಬಂದು ನಿಂತಿತು. ಬಾಗಿಲು ತೆಗೆದೆ. ಮಂಜಿನಲ್ಲಿ ನೀಲಿ ಟ್ರ್ಯಾಕ್ ಪ್ಯಾಂಟಿನ ಒಬ್ಬ ಹೆಂಗಸು, ನರೆತ ಕೂದಲು, ಬೆವರಿದ ಹಣೆ.

"ಒಂದ ಚರಗಿ ನೀರ ಕೊಡ್ರಿ" ಅಂದಳು.

ಮುಖ ನೋಡಿದವನೇ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅದೇ ಈಗತಾನೆ ಎದ್ದ ಮುಖ. ಆಕೆಗೂ ಗುರುತು ಹತ್ತಿತು. ಕಾರ್ಡಿನವ ಅಲ್ಲೇನು ನೀನು ಎಂದು ನಕ್ಕಳು. ಕಾರ್ಡು ಎಂಬ ಮಾತು ಕೇಳಿ ನನಗೆ ಕೆಮ್ಮು ಬಂದದ್ದು ರೋಗದಿಂದ ಅಲ್ಲ. ನಾನು ಕೊಟ್ಟ ಚರಗಿಯ ನೀರನ್ನು ಆಕೆ ಅರ್ಧ ಕುಡಿದಳು, ಉಳಿದರ್ಧವನ್ನು ನನ್ನ ಕೈಗೆ ಕೊಟ್ಟು, ಜೇಬಿನಿಂದ ಗುಳಿಗೆ ತೆಗೆದಳು. ನಾನು ನುಂಗಿದೆ. ಬೀದಿಯಲ್ಲಿ ಕಸ ಹೊಡೆಯುತ್ತಿದ್ದ ನೆರೆಯಾಕೆ ನೋಡಿದ್ದು ಇಷ್ಟೇ: ಓಡಲು ಬಂದ ಯಾರೋ ಹೆಣ್ಣುಮಗಳು ನೀರು ಕೇಳಿದಳು.

ಇದು ಆಕೆ ಕಂಡುಕೊಂಡ ರೀತಿ. ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ತಿಕೋಟಾಕ್ಕೆ ಬಂದ ಮೇಲೆ ಬೆಳಿಗ್ಗೆ ಬಿಜ್ಜರಗಿ ದಾರಿಯಲ್ಲಿ ಓಡುವುದು ರೂಢಿಯಾಗಿತ್ತಂತೆ. ಅಲ್ಲಿ ದ್ರಾಕ್ಷಿ ಪಡದ ಪಕ್ಕದ ತೋಟದ ಮನೆಯ ಮುದುಕಿ ದಿನಾ ನೀರು ಕೊಡುತ್ತಿದ್ದಳು. ಒಂದು ದಿನ ಆಡಿನ ಕೊಟ್ಟಿಗೆಯಿಂದ ಕೆಮ್ಮು ಕೇಳಿಸಿತು. ಮುದುಕಿಯ ಸೊಸೆ, ಬೇರೆ ತಾಟು, ಬೇರೆ ಹಾಸಿಗೆ. ದವಾಖಾನೆಯ ಜೀಪು ಎರಡು ಸಲ ಬಂದು ನಿಂತದ್ದಕ್ಕೆ ಸುತ್ತಲಿನವರು ಆಡಿಕೊಂಡರು, ಎರಡು ತಿಂಗಳಿಗೆ ಮೈ ಹಗುರಾಯಿತು, ಗುಳಿಗೆ ಬಿಟ್ಟಳು, ರೋಗ ತಿರುಗಿ ಬಂತು. ಅಕ್ಕ ಅಂದೇ ದವಾಖಾನೆಗೆ ಹೋಗಿ, ಆಕೆಗೆ ಗುಳಿಗೆ ನುಂಗಿಸುವ ಹೊಣೆ ನನಗೆ ಕೊಡಿ ಎಂದು ಬರೆದುಕೊಟ್ಟಳು. ಓಡುವವಳು ನೀರು ಕೇಳಿದರೆ ಯಾರಿಗೂ ಸಂಶಯವಿಲ್ಲ. ಆ ಸೊಸೆಯ ಕೈಯಿಂದಲೇ ನೀರು ಈಸಿಕೊಂಡು, ಅವಳ ಚರಗಿಯಿಂದಲೇ ಕುಡಿದು, ಉಳಿದದ್ದರಲ್ಲಿ ಗುಳಿಗೆ ನುಂಗಿಸುತ್ತಿದ್ದಳು. ಸೊಸೆ ಕೊಟ್ಟ ನೀರನ್ನು ಹೊರಗಿನವಳು ಕುಡಿದದ್ದು ನೋಡಿ ಮುದುಕಿ ಒಂದು ದಿನ ಆ ತಾಟನ್ನು ಎಲ್ಲರ ತಾಟಿನ ಜೊತೆ ತೊಳೆದಿಟ್ಟಳಂತೆ. ಇದನ್ನು ಹೇಳುವಾಗ ಮಾತ್ರ ಅಕ್ಕನಿಗೆ ಸ್ವಲ್ಪ ಹೆಮ್ಮೆ ಇರುತ್ತಿತ್ತು. ನನಗೆ ಅರಕೇರಿಯ ಅಜ್ಜಿಯ ಬೊಗಸೆ ನೆನಪಾಗುತ್ತಿತ್ತು, ಆದರೆ ಅದನ್ನು ಎತ್ತಲಿಲ್ಲ.

ಒಂದು ಮನೆ ಹನ್ನೊಂದಾಯಿತು. ವಾರದ ಮೂರು ದಿನ ಬಿಜ್ಜರಗಿಯ ಕಡೆ, ಮೂರು ದಿನ ಮೊದಲ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋಗಿ ನಿಡೋಣಿಯ ಕಡೆ. ಆಕೆ ಬರದ ದಿನ ಗುಳಿಗೆ ನುಂಗಿದವರು ಒಂದು ಮಿಸ್ಡ್ ಕಾಲ್ ಕೊಡಬೇಕು. ಮಾತಾಡುವಂತಿಲ್ಲ, ಒಂದು ಸಲ ಟ್ರಿಣ್ ಅಂದರೆ ನುಂಗಿದೆ ಅಂತ ಅರ್ಥ. ನಿಡೋಣಿಯ ಒಬ್ಬ ಕುರಿ ಕಾಯುವ ಅಜ್ಜನಿಗೆ ಮನೆಯೂ ಇಲ್ಲ, ಗುರುತೂ ಇಲ್ಲ. ಅವನ ಹಿಂಡು ಎಲ್ಲಿ ತಂಗಿದೆಯೋ ಅಲ್ಲಿಗೆ ಈಕೆ ಹಿಕ್ಕೆಯ ಜಾಡು ಹಿಡಿದು ಓಡಬೇಕು. ನನ್ನ ಟಗರಿಗಿಂತ ನೀನೇ ಜೋರು ಎಂದು ಅಜ್ಜ ಛೇಡಿಸುತ್ತಿದ್ದನಂತೆ. ಒಣದ್ರಾಕ್ಷಿಯ ಶೆಡ್ಡುಗಳ ಹಸಿರು ಪರದೆ ಬೆಳಗಿನ ಗಾಳಿಗೆ ಉಸಿರಾಡುವಂತೆ ಉಬ್ಬಿ ಇಳಿಯುವಾಗ, ಅವುಗಳ ನಡುವೆ ಒಂದು ನೀಲಿ ಪ್ಯಾಂಟು ಕಾಣಿಸಿಕೊಂಡು ಮರೆಯಾಗುವುದನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ನನ್ನ ಕಥೆಗೆ ಬರುತ್ತೇನೆ. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಹಸಿವಾಯಿತು, ಮುಖದಲ್ಲಿ ಕಳೆ ಬಂತು. ಮದುವೆಯ ಕಾಲ, ಪ್ರೆಸ್ಸಿನಲ್ಲಿ ಕೈ ಬಿಡುವಿಲ್ಲ. ಗುಳಿಗೆ ನುಂಗಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತೊಳಸುತ್ತಿತ್ತು. ಇನ್ನೇನು ಆರಾಮಾಗಿದ್ದೇನಲ್ಲ ಅನ್ನಿಸಿತು. ಆಕೆ ನಿಡೋಣಿಯ ಕಡೆ ಹೋದ ದಿನಗಳಲ್ಲಿ ಮಿಸ್ಡ್ ಕಾಲ್ ಕೊಟ್ಟು ಗುಳಿಗೆಯನ್ನು ಸ್ಟ್ರಿಪ್ಪಿನಲ್ಲೇ ಬಿಟ್ಟು ಡ್ರಾಯರಿಗೆ ಹಾಕತೊಡಗಿದೆ. ಹೆಂಡತಿಗೂ ಸುಳ್ಳು, ಅಕ್ಕನಿಗೂ ಸುಳ್ಳು.

ಐದು ಗುಳಿಗೆಯ ನಂತರ ಒಂದು ಭಾನುವಾರ ಅಕ್ಕ ಪ್ರೆಸ್ಸಿಗೇ ಬಂದಳು, ಕಾರ್ಡು ನೋಡುವ ನೆವದಿಂದ. ಹೊರಗೆ ಯಾರೂ ಇರಲಿಲ್ಲ. ಸ್ಟ್ರಿಪ್ ತೋರಿಸು ಅಂದಳು. ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಬೈದಿದ್ದರೆ ಒಳ್ಳೆಯದಿತ್ತು, ಬೈಯಲಿಲ್ಲ. ಕಟ್ಟಿಂಗ್ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಯಾರದೋ ಮದುವೆಯ ಕಾರ್ಡನ್ನು ಕೈಯಲ್ಲಿ ತಿರುಗಿಸತೊಡಗಿದಳು. ಆ ಕಾರ್ಡು ತಿರುಗುವುದನ್ನು ನನ್ನಿಂದ ನೋಡಲಾಗಲಿಲ್ಲ. ಕನಸಿನಲ್ಲಿ ಹೊರಡದ ದನಿ ಅವತ್ತು ಹೊರಟಿತು.

"ಅಕ್ಕಾರ, ಅವತ್ತು ಒಂಬತ್ತನೇ ಕಾರ್ಡ ಅಂಟಿತ್ರಿ. ಎಂಟ ತೋರ್ಸಿದ ಕೂಡ್ಲೇ ನನಗ ಗೊತ್ತಾತು. ಹೆದರಿ ಸುಮ್ಮನ ಕುಂತೆ. ನಿಮ್ಮ ಓಟ ಕೆಡಿಸಿದಾವ ನಾನ್ರಿ."

ಆಕೆ ತಲೆ ಎತ್ತಿದಳು. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಕಾರ್ಡು ಕೆಳಗಿಟ್ಟು ಎಡಗೈ ಚಾಚಿದಳು. ಹೆಬ್ಬೆರಳನ್ನು ಕಿರುಬೆರಳಿನ ಕೊನೆಯ ಗೆರೆಯ ಮೇಲಿಟ್ಟಳು.

"ಗೆರಿ ದಾಟಿದಾಗ ನನ್ನ ಬೆರಳ ಇಲ್ಲಿತ್ತೋ ತಮ್ಮಾ. ಇಪ್ಪತ್ನಾಲ್ಕು. ಇನ್ನೊಂದ ಐತಿ ಅಂತ ನನಗೂ ಗೊತ್ತಿತ್ತು."

ನಾನು ಅವಳ ಬೆರಳನ್ನೇ ನೋಡುತ್ತ ನಿಂತೆ. ಬೆರಳಿನ ಲೆಕ್ಕವನ್ನು ಆಕೆಯೇ ನನಗೆ ಹೇಳಿಕೊಟ್ಟಿದ್ದಳು. ಇಷ್ಟು ಸರಳವಾದ ಮಾತು ಇಪ್ಪತ್ತು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ತಪ್ಪನ್ನು ಮುದ್ದಾಡುವುದರಲ್ಲೇ ಮುಳುಗಿದ್ದೆನಲ್ಲ.

"ಮತ್ತ ಯಾಕ ನಿಂತ್ರಿ?"

"ಕಾಲ ಸೋತಿದ್ವು. ಗಂಟಿ ಹೊಡದಾರ, ಎಲ್ಲಾರೂ ಗೆದ್ದಿ ಅನ್ನಾಕತ್ತಾರ. ನಂಬಿದ್ರ ಕುಂದರಾಕ ಸಿಗತೈತಿ. ಅದಕ್ಕ ನಂಬಿದೆ." ಸ್ಟ್ರಿಪ್ಪನ್ನು ನನ್ನ ಕಡೆ ಸರಿಸಿ ಅಂದಳು, "ಬಿಜ್ಜರಗಿಯಾಕೀನೂ ಹಂಗ ನಂಬಿದ್ಲು. ಈಗ ನೀ ನಂಬಾಕತ್ತಿ."

ಸಿಪಾಯಿಗೆ ಅವತ್ತೇ ಇದನ್ನು ಹೇಳಿದ್ದಳಂತೆ, ಆ ಅರ್ಧ ಚಹಾ ಕುಡಿಯುವಾಗ. ನಿಮ್ಮ ತಪ್ಪಲ್ಲ ಅಜ್ಜಾ, ನನಗೆ ಗೊತ್ತಿತ್ತು ಎಂದು. ನಾವು ದೊಡ್ಡ ಮನಸ್ಸು ಅಂದುಕೊಂಡದ್ದು ಆಕೆಗೆ ಬರೀ ನಿಜ ಹೇಳುವುದಾಗಿತ್ತು. ನನಗೆ ಅಳು ಬಂತು. ಅತ್ತೆ. ಆಕೆ ಮೂಲೆಯ ಕೊಡದಿಂದ ಒಂದು ಚರಗಿ ನೀರು ತುಂಬಿ ತಂದು, ಅರ್ಧ ತಾನು ಕುಡಿದು, ಉಳಿದದ್ದನ್ನು ಗುಳಿಗೆಯ ಜೊತೆ ನನ್ನ ಮುಂದೆ ಹಿಡಿದಳು. ಮರುದಿನ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋಗಿ, ತಪ್ಪಿದ ದಿನಗಳನ್ನು ನಾನೇ ಬಾಯಿಬಿಟ್ಟು ಹೇಳುವಂತೆ ಮಾಡಿದಳು. ಬಿಟ್ಟ ದಿನಗಳನ್ನು ಸೇರಿಸಿ ಕೋರ್ಸು ಮುಗಿಸಿದೆ.

ಮುಗಿದ ದಿನ ನನಗೊಂದು ಹುಚ್ಚು ಹೊಳೆಯಿತು. ದಪ್ಪ ಹಾಳೆಯಲ್ಲಿ ದೊಡ್ಡದಾಗಿ ‘1’ ಎಂದು ಅಚ್ಚು ಹಾಕಿ, ಅಕ್ಕನನ್ನು ವಿಜಯಪುರದ ಹಳೆಯ ಮೈದಾನಕ್ಕೆ ಕರೆದುಕೊಂಡು ಹೋದೆ. ಆ ಒಂದು ಸುತ್ತು ಓಡಿರಿ, ನಾನು ಕಾರ್ಡು ಹಿಡಿಯುತ್ತೇನೆ ಅಂದೆ. ಆಕೆ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತಳು. ಆ ಸುತ್ತು ಇಲ್ಲಿಲ್ಲ, ದಿನಾ ಬೆಳಿಗ್ಗೆ ಅದನ್ನೇ ಓಡುತ್ತಿದ್ದೇನಲ್ಲ ಅಂದಳು. ಇಬ್ಬರೂ ಶೇಂಗಾ ಸುಲಿದು ತಿನ್ನುತ್ತ, ಧೂಳಿನಲ್ಲಿ ತೇಲುವ ಗುಮ್ಮಟ ನೋಡುತ್ತ ಬಹಳ ಹೊತ್ತು ಕೂತಿದ್ದೆವು. ಆ ಕಾರ್ಡನ್ನು ಆಕೆ ಶೇಂಗಾ ಸಿಪ್ಪೆ ಹಾಕಲು ಬಳಸಿದಳು.

ಆಮೇಲೆ ಆಕೆಗೆ ದೂರದ ಜಿಲ್ಲೆಗೆ ವರ್ಗವಾಯಿತು. ಬೀಳ್ಕೊಡುವ ಸಭೆ, ಶಾಲು ಏನೂ ಇಲ್ಲ. ಹೋಗುವ ಹಿಂದಿನ ಬೆಳಿಗ್ಗೆ ನೀರು ಕುಡಿದು, ವಹಿಯನ್ನು ನನ್ನ ಕೈಗಿಟ್ಟು ಹೋದಳು. ಮರುದಿನ ಐದೂವರೆಗೆ ನನ್ನ ಫೋನು ಟ್ರಿಣ್ ಅಂದು ನಿಂತಿತು. ಮತ್ತೆ ಟ್ರಿಣ್. ನನ್ನನ್ನು ಒಂದು ಮಾತೂ ಕೇಳದೆ, ದವಾಖಾನೆಗೂ ಹನ್ನೊಂದು ಮನೆಗೂ ನನ್ನ ನಂಬರ್ ಕೊಟ್ಟಿದ್ದಳು. ಮಹಾರಾಯ್ತಿ, ಲೆಕ್ಕ ತಪ್ಪಿಸಿದವನನ್ನೇ ಲೆಕ್ಕಕ್ಕೆ ಕೂಡಿಸಿದ್ದಾಳಲ್ಲ ಎಂದು ಸಿಟ್ಟೂ ಬಂತು, ನಗೆಯೂ ಬಂತು. ಅಂದಿನಿಂದ ದಿನಾ ಹಾಸಿಗೆಯಲ್ಲಿ ಕೂತು, ಹೆಬ್ಬೆರಳನ್ನು ಗೆರೆಯ ಮೇಲೆ ಸರಿಸುತ್ತ ಎಣಿಸುತ್ತೇನೆ. ಹನ್ನೊಂದಕ್ಕೆ ಒಂದೇ ಕೈ ಸಾಕು.

ಹೋದ ವಾರ ಒಂದು ಬೆಳಿಗ್ಗೆ ಹತ್ತು ಕಾಲ್ ಬಂದವು. ಆರಾಯಿತು, ಆರೂವರೆಯಾಯಿತು, ಹನ್ನೊಂದನೆಯದು ಬರಲಿಲ್ಲ. ಯಾರದೆಂದು ವಹಿ ತೆಗೆದು ನೋಡಿದೆ: ಬಿಜ್ಜರಗಿಯ ಕಡೆ, ಬೇವಿನ ಗಿಡ. ಗುಳಿಗೆ ಶುರುವಾಗಿ ಎರಡು ತಿಂಗಳು ಮುಗಿದು ನಾಲ್ಕು ದಿನ. ಯಾವುದೋ ಕೆಲಸದಲ್ಲಿ ಮರೆತಿರಬೇಕು, ನಾಳೆ ನೋಡಿದರಾಯಿತು, ಹತ್ತು ಬಂದಿವೆಯಲ್ಲ ಎಂದು ಮನಸ್ಸು ತನ್ನ ಹಳೆಯ ಲೆಕ್ಕ ಶುರು ಮಾಡಿತು. ಹೆಬ್ಬೆರಳು ಹತ್ತನೆಯ ಗೆರೆಯ ಮೇಲೆ ನಿಂತೇ ಇತ್ತು. ಅದನ್ನು ಅಲ್ಲಿಂದ ಎತ್ತಲು ನನ್ನಿಂದ ಆಗಲಿಲ್ಲ.

ಎದ್ದು ಮಗಳ ಹಳೆಯ ಬೂಟು ಹಾಕಿಕೊಂಡೆ, ಬಿಗಿಯಾದವು. ಸ್ಕೂಟರನ್ನು ಬಿಜ್ಜರಗಿಯ ಈಚೆಗೆ ಒಂದು ಶೆಡ್ಡಿನ ಮರೆಗೆ ನಿಲ್ಲಿಸಿದೆ. ಅಲ್ಲಿಂದ ಓಡಿದೆ. ಓಡಿದೆ ಅನ್ನುವುದು ಅತಿಯಾಯಿತು. ಹೊಟ್ಟೆ ಒಂದು ಕಡೆ, ಉಸಿರು ಒಂದು ಕಡೆ, ಎರಡು ನಾಯಿ ಬೆನ್ನು ಹತ್ತಿದ್ದವು. ದ್ರಾಕ್ಷಿ ಪಡದ ಮೇಲೆ ಮಂಜು ಇನ್ನೂ ಹರಡಿತ್ತು. ಬೇವಿನ ಗಿಡ ಕಂಡಿತು, ಅದರಡಿ ತಲೆಗೆ ಸೆರಗು ಕಟ್ಟಿ ಕೂತ ಒಬ್ಬ ಹೆಣ್ಣುಮಗಳು. ನನ್ನನ್ನು ಕಂಡು ಆಕೆ ಮುಖ ತಿರುಗಿಸಿದಳು. ಅಂಗಳದಲ್ಲಿ ಮನೆಯವರೆಲ್ಲ ನಿಂತು ನೋಡುತ್ತಿದ್ದರು. ನಾನು ಮೊಣಕಾಲ ಮೇಲೆ ಕೈಯೂರಿ ಉಸಿರು ಸುಧಾರಿಸಿಕೊಂಡೆ.

"ತಂಗೀ, ನಿನ್ನ ಕೈಲೆ ಒಂದ ಚರಗಿ ನೀರ ಕೊಡವ್ವಾ" ಅಂದೆ.